ಮೇಷ್ಟ್ರಿಗೊಂದು ಪ್ರಶ್ನೆ: ಕಿವಿ ಕೇಳದವಳಿಗೆ ಡೊಳ್ಳು

ಪ್ರಶ್ನೆ: ನಾವು ಹನ್ನೆರಡು ಜನ ಹೆಂಗಸರು ಸೇರಿ ಡೊಳ್ಳು ಕಲಿಯುತ್ತಿದ್ದೇವೆ. ನನ್ನ ತಂಗಿಯ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳಿಗೂ ಸೇರುವ ಆಸೆ. ತಂಡದವರು "ತಾಳ ತಪ್ಪಿದರೆ ನಮ್ಮ ಮರ್ಯಾದೆ ಹೋಗುತ್ತೆ" ಅಂತಾರೆ. ಏನು ಮಾಡಲಿ ಸಾರ್?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ ತಾಯಿ. ಹಿಂದೆ ಇಂಥದ್ದೇ ಹುಡುಗನೊಬ್ಬ ನನ್ನ ಹತ್ತಿರ ಕಲಿಯೋಕೆ ಬಂದಿದ್ದ. ಎಡವಟ್ಟಾದರೂ ಯಾರಿಗೂ ಕಾಣದಿರಲಿ ಅಂತ ಹಿಂದಿನ ಸಾಲಿನ ಮೂಲೆಗೆ ನಿಲ್ಲಿಸಿದೆ. ಮುಂದಿನವರ ಬೆನ್ನು ಬಿಟ್ಟು ಅವನಿಗೆ ಇನ್ನೇನೂ ಕಾಣುತ್ತಿರಲಿಲ್ಲ. ಗತ್ತು, ಅಂದರೆ ಬಡಿತದ ವರಸೆ, ಬದಲಾಯಿತು, ಎಲ್ಲರೂ ಕೂತರು, ಅವನೊಬ್ಬ ನಿಂತೇ ಬಾರಿಸುತ್ತಿದ್ದ. ಜನ ನಕ್ಕರು. ಮತ್ತೆ ಅವನು ಬರಲಿಲ್ಲ. ತಾಳ ತಪ್ಪಿಸಿದ್ದು ನಾನು.

ನಿಮ್ಮ ಹುಡುಗಿ ತಾಳ ಹಿಡಿಯುವವರ ಎದುರಿಗೇ ನಿಲ್ಲಲಿ. ಗತ್ತು ಬದಲಿಸುವ ಒಂದು ಸುತ್ತು ಮೊದಲೇ ತಾಳದವರು ಕೈ ಮೇಲೆತ್ತಲಿ. ಸುತ್ತು ಹಾಕುವಾಗ ಅವಳ ಬೆನ್ನು ಆ ಕಡೆ ಆಗುತ್ತಲ್ಲ, ಆಗ ಎದುರು ಸಿಗುವವರು ತಲೆಯಾಡಿಸಿ ತಿಳಿಸಬೇಕು. ಇದು ಹನ್ನೆರಡೂ ಜನ ಕಲಿಯಬೇಕಾದ ಪಾಠ. ಆ ಗದ್ದಲದಲ್ಲಿ ಕಿವಿ ಸರಿ ಇದ್ದವರಿಗೂ ಕೂಗು ಕೇಳಿಸೋದು ಅಷ್ಟಕ್ಕಷ್ಟೇ ಬಿಡಿ.

ಶುರುವಿನಲ್ಲಿ ಅವಳ ಅಂಗೈಯನ್ನು ನಿಮ್ಮ ಡೊಳ್ಳಿನ ಮರದ ಮೈ ಮೇಲೆ ಇಡಿಸಿಕೊಂಡು ಬಾರಿಸಿ. ಹಲಗೆ ಹಾಸಿ ಬರಿಗಾಲಲ್ಲಿ ನಿಲ್ಲಿಸಿ. ಸಿಮೆಂಟು ನೆಲಕ್ಕೆ ಆ ಅದುರು ಬರೋದಿಲ್ಲ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿಗೆ 12ರ ವಯಸ್ಸಿಗೇ ಕಿವಿ ಹೆಚ್ಚುಕಡಿಮೆ ಹೋಗಿತ್ತು. ತಾಳವಾದ್ಯವನ್ನೇ ವೃತ್ತಿ ಮಾಡಿಕೊಂಡ ಆಕೆ ಬರಿಗಾಲಲ್ಲಿ ನುಡಿಸುವುದಕ್ಕೆ ಹೆಸರುವಾಸಿ. ನಮ್ಮ ಮಳೆಗಾಲದಲ್ಲಿ ಚರ್ಮ ಜೋತುಬಿದ್ದು ಡೊಳ್ಳು ಡಬ್ ಡಬ್ ಅನ್ನುತ್ತೆ. ಬೆಂಕಿಗೆ ಹಿಡಿದು ಕಾಯಿಸಿಯೇ ಅವಳ ಕೈಗೆ ಕೊಡಿ. ಶ್ರವಣಯಂತ್ರ ಹಾಕುತ್ತಿದ್ದರೆ ತೆಗೆದಿಡಬೇಕೋ ಬೇಡವೋ ಅವಳನ್ನೇ ಕೇಳಿ, ಕೆಲವರಿಗೆ ಡೊಳ್ಳಿನ ಸದ್ದು ಅದರಲ್ಲಿ ತಲೆ ಸಿಡಿಸುತ್ತೆ.

ಪ್ರಶ್ನೆ: ಅಪಘಾತವಾದ ಮೇಲೆ ಅಣ್ಣ ಗಾಲಿಕುರ್ಚಿಯಲ್ಲಿದ್ದಾನೆ. ತಾಳಮದ್ದಳೆಯಲ್ಲಿ ಅರ್ಥ ಹೇಳಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ವೇಷ ಕಟ್ಟಿ ಕುಣಿಯುವ ಯಕ್ಷಗಾನದ ಆಟ ಅಲ್ಲವಲ್ಲ, ಬರೀ ಹಾಡು-ಮಾತಿನ ಕೂಟ. ಎಲ್ಲರೂ ಕೂತೇ ಹೇಳೋದು! ವೇದಿಕೆಗೆ ನಾಲ್ಕು ಜನ ಸೇರಿ ಅವರನ್ನು ಎತ್ತಿ ಕೂರಿಸುವ ಸಾಹಸ ಮಾತ್ರ ಬೇಡ. ಹಾಡುವ ಭಾಗವತರೂ ಮದ್ದಳೆಯವರೂ ಕೆಳಗಿಳಿದು ಅವರ ಪಕ್ಕ ಕೂರಲಿ.