ಲೆನ್ಸ್ ಕೊಳ್ಳುವ ಮುಂಚೆ ಕೋಣೆ ಅಳೆಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಮೆರಾ

ಪ್ರಶ್ನೆ: ಪರಿಚಯದವರಿಂದ ನಿಕಾನ್ ಡಿ3500 ಕೊಂಡೆ. ಜೊತೆಗೆ 18-55 ಎಂಎಂ ಕಿಟ್ ಲೆನ್ಸ್ ಬಂತು. ಒಂದೂವರೆ ವರ್ಷದ ಮಗಳ ಫೋಟೊ ಮನೆಯೊಳಗೆ ತೆಗೆದರೆ ಹತ್ತರಲ್ಲಿ ಎಂಟು ಅಲುಗಿರುತ್ತವೆ. ಎಲ್ಲರೂ 50 ಎಂಎಂ ಎಫ್ 1.8 ತಗೊಳ್ಳಿ ಅನ್ನುತ್ತಾರೆ. ಹದಿನೈದು ಸಾವಿರಕ್ಕೆ ಒಂದೇ ಲೆನ್ಸ್ ಅಂದರೆ ಅದೇನಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಮನೆಯೊಳಗೆ ಓಡಾಡುವ ಮಗುವಿಗೆ 35 ಎಂಎಂ ಎಫ್ 1.8 ಕೊಳ್ಳಿ (ಎಂಎಂ ಹೆಚ್ಚಿದಷ್ಟೂ ನೋಟ ಬಿಗಿ, ಎಫ್ ಸಂಖ್ಯೆ ಇಳಿದಷ್ಟೂ ಒಳಗೆ ಬರುವ ಬೆಳಕು ಹೆಚ್ಚು). 50 ಕೆಟ್ಟ ಲೆನ್ಸ್ ಏನಲ್ಲ, ನಿಮ್ಮ ಮನೆಯ ಗೋಡೆ ಅದಕ್ಕೆ ಅಡ್ಡ ಬರುತ್ತದೆ.

ಡಿ3500ರ ಸೆನ್ಸರ್ 23.5 × 15.6 ಎಂಎಂ. ಫುಲ್ ಫ್ರೇಮ್‌ಗಿಂತ (36 × 24 ಎಂಎಂ ಸೆನ್ಸರ್) ಒಂದೂವರೆ ಪಟ್ಟು ಚಿಕ್ಕದಾದ್ದರಿಂದ 50 ಎಂಎಂ ಇದರ ಮೇಲೆ 75ರಂತೆ ಬಿಗಿಯಾಗಿ ಕಾಣುತ್ತದೆ. ಐದೂವರೆ ಅಡಿ ಎತ್ತರದವರನ್ನು ತಲೆಯಿಂದ ಪಾದದವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಕ್ಯಾಮೆರಾ ನಿಲುವಾಗಿ ಹಿಡಿದು ತೆಗೆಯಬೇಕಾದರೆ 50ರಲ್ಲಿ ಹತ್ತಿರಹತ್ತಿರ 13 ಅಡಿ ಹಿಂದೆ ಸರಿಯಬೇಕು. 35ರಲ್ಲಿ 9 ಅಡಿ ಸಾಕು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಮಂಚ, ಬೀರು ಕಳೆದರೆ ಉಳಿಯುವುದು ಎಷ್ಟು? ಮಗಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ ಇಬ್ಬರನ್ನೂ ತೆಗೆಯೋಣವೆಂದರೆ 50 ನಿಮ್ಮನ್ನು ಬಾಗಿಲಾಚೆಗೆ ತಳ್ಳುತ್ತದೆ.

ಇದನ್ನು ನಂಬಿ ಎಂದು ಹೇಳುತ್ತಿಲ್ಲ, ಖರ್ಚಿಲ್ಲದೆ ಪರೀಕ್ಷಿಸಿ. ಕಿಟ್ ಲೆನ್ಸಿನ ಜೂಮ್ ರಿಂಗನ್ನು 35ಕ್ಕೆ ತಿರುಗಿಸಿ ಮಾಸ್ಕಿಂಗ್ ಟೇಪ್ ಸುತ್ತಿಬಿಡಿ (ಸೆಲ್ಲೊಟೇಪ್ ಬೇಡ, ಅಂಟು ಉಳಿಯುತ್ತದೆ). ಒಂದು ಶನಿವಾರ, ಭಾನುವಾರ ಪೂರ್ತಿ ಹಾಗೇ ತೆಗೆಯಿರಿ. ಮುಂದಿನ ವಾರ 50ಕ್ಕೆ ಕಟ್ಟಿ. ಯಾವುದರಲ್ಲಿ ಬೆನ್ನು ಗೋಡೆಗೆ ತಾಗಿತು, ಯಾವುದರಲ್ಲಿ ತಾಗಲಿಲ್ಲ ಎಂದು ನಿಮಗೇ ತಿಳಿಯುತ್ತದೆ. ಈಗಾಗಲೇ ತೆಗೆದ ಇನ್ನೂರು ಮುನ್ನೂರು ಫೋಟೊಗಳಿದ್ದರೆ ಕಂಪ್ಯೂಟರಿನಲ್ಲಿ ಅವುಗಳ ವಿವರ ತೆರೆದು ಫೋಕಲ್ ಲೆಂತ್ ನೋಡಿ. ಬಹುಪಾಲು 18ರಿಂದ 24ರೊಳಗಿದ್ದರೆ 35 ಕೂಡ ನಿಮಗೆ ಬಿಗಿಯಾದೀತು.

ಇನ್ನು ಅಲುಗಾಟದ ಮಾತು. ಕಿಟ್ ಲೆನ್ಸ್ 35ರಲ್ಲಿ ತೆರೆಯುವುದು ಎಫ್ 4.5ರ ಆಸುಪಾಸಿನವರೆಗೆ ಮಾತ್ರ. ಅದರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 3200 ಇಟ್ಟು ನಿಮಗೆ ಸೆಕೆಂಡಿನ 1/50 ಶಟರ್ ವೇಗ ಸಿಗುತ್ತಿದೆ ಅನ್ನಿ. ಅದೇ ಬೆಳಕಿನಲ್ಲಿ, ಅದೇ ಐಎಸ್‌ಒನಲ್ಲಿ, ಎಫ್ 2ರಲ್ಲಿ 1/250 ಸಿಗುತ್ತದೆ. ತಪ್ಪುಹೆಜ್ಜೆ ಇಡುವ ಮಗು ಅಲುಗದೆ ನಿಲ್ಲಲು ಕಡಿಮೆಯೆಂದರೂ ಅಷ್ಟು ಬೇಕು. ಕಿಟ್ ಲೆನ್ಸಿನ ವಿಆರ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಮಗುವಿನ ಓಟವನ್ನಲ್ಲ.

ಅಂಗಡಿಯಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ನಿಕಾನಿನ 35 ಎಂಎಂ ಎಫ್ 1.8ಜಿ ಎರಡಿವೆ. ನಿಮಗೆ ಬೇಕಾದದ್ದು 2009ರಲ್ಲಿ ಬಂದ ಡಿಎಕ್ಸ್, ಅಂದರೆ ನಿಮ್ಮಂಥ ಚಿಕ್ಕ ಸೆನ್ಸರಿಗೆಂದು ಮಾಡಿದ್ದು. ಬಳೆಯ ಮೇಲೆ ಡಿಎಕ್ಸ್ ಎಂದಿರುತ್ತದೆ, ಫಿಲ್ಟರ್ ಅಳತೆ 52 ಎಂಎಂ. ಇನ್ನೊಂದು ಫುಲ್ ಫ್ರೇಮ್‌ನದು, 58 ಎಂಎಂ ಫಿಲ್ಟರಿನದು, ಬೆಲೆ ಬಹಳ ಹೆಚ್ಚು. ಎರಡನೆಯದು ಇನ್ನೂ ನೋವಿನ ತಪ್ಪು: ಅಗ್ಗಕ್ಕೆ ಸಿಗುತ್ತದೆಂದು ಎಎಫ್ 50 ಎಂಎಂ ಎಫ್ 1.8ಡಿ ತರುವುದು. ಅದರೊಳಗೆ ಮೋಟಾರ್ ಇಲ್ಲ. ಡಿ3000, ಡಿ5000 ಸಾಲಿನ ಬಾಡಿಗಳಲ್ಲೂ ಫೋಕಸ್ ಮೋಟಾರ್ ಇಲ್ಲ. ಹಾಕಿದರೆ ಲೆನ್ಸ್ ಕೂರುತ್ತದೆ, ಫೋಟೊ ಬರುತ್ತದೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಓಡುವ ಮಗುವಿನ ಮುಂದೆ ಅದು ಆಗದ ಕೆಲಸ. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ (ಎರಡರೊಳಗೂ ಮೋಟಾರ್ ಇರುತ್ತದೆ) ಇದೆಯೇ ನೋಡಿಕೊಳ್ಳಿ. ಡಿ3200, ಡಿ5100, ಡಿ7000 ಇಟ್ಟುಕೊಂಡವರಿಗೆ ಎಎಫ್-ಪಿ ಕೂಡ ಆಗದು, ಅಲ್ಲಿ ಎಎಫ್-ಎಸ್ ಮಾತ್ರ.

ಲೆನ್ಸ್ ಬಂದ ಮೇಲೆ ಎ ಮೋಡಿನಲ್ಲಿ (ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ನಾವೇ ಇಡುವ ಮೋಡ್) ಎಫ್ 2 ಇಡಿ. ಆಟೊ ಐಎಸ್‌ಒ ಆನ್ ಮಾಡಿ ಗರಿಷ್ಠ 6400, ಕನಿಷ್ಠ ಶಟರ್ 1/250 ಕೊಡಿ. ಫೋಕಸ್ ಎಎಫ್-ಸಿ (ಚಲಿಸುವುದನ್ನು ಹಿಂಬಾಲಿಸುವುದು), ಒಂದೇ ಪಾಯಿಂಟ್, ಹತ್ತಿರದ ಕಣ್ಣಿನ ಮೇಲೆ. ಎಫ್ 1.8ರಲ್ಲಿ ಮೂರಡಿ ದೂರದಿಂದ ತೆಗೆದರೆ ಸ್ಪಷ್ಟವಾಗಿರುವ ಪದರ ಐದು ಸೆಂಟಿಮೀಟರಿನಷ್ಟೇ. ಮೂಗು ಸರಿಯಿದ್ದು ಕಣ್ಣು ಮಂಜಾಗಿದೆ ಎಂದು ದೂರುವವರು ಲೆನ್ಸನ್ನು ಬೈಯುವ ಮುಂಚೆ ಒಂದು ಹೆಜ್ಜೆ ಹಿಂದೆ ಸರಿಯಲಿ, ಇಲ್ಲವೇ ಎಫ್ 2.8ಕ್ಕೆ ಹೋಗಲಿ. ಹಾಗೆಯೇ ಮಗುವನ್ನು ಕಿಟಕಿಯ ಪಕ್ಕ ಆಡಲು ಬಿಡಿ. ಟ್ಯೂಬ್‌ಲೈಟಿಗಿಂತ ಹಗಲಿನ ಕಿಟಕಿ ಕೊಡುವ ಬೆಳಕು ಎಷ್ಟೋ ಪಟ್ಟು ಹೆಚ್ಚು, ಅದಕ್ಕೆ ಕಾಸೂ ಇಲ್ಲ.

ಪ್ರಶ್ನೆ: ಹೊಸ ಕ್ಯಾನನ್ ಆರ್50 ಇದೆ. ಸ್ನೇಹಿತರ ಹಳೆಯ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ಕಡಿಮೆಗೆ ಸಿಗುತ್ತಿದೆ. ಕೊಳ್ಳಲೇ?
– ಓದುಗರು, ತುಮಕೂರು

ಉತ್ತರ: ಆರ್50ರದು ಆರ್‌ಎಫ್ ಮೌಂಟ್ (ಲೆನ್ಸ್ ಕೂರುವ ಬಾಯಿ), ಆ ಇಎಫ್ ಲೆನ್ಸ್ ನೇರವಾಗಿ ಕೂರುವುದಿಲ್ಲ. ಕ್ಯಾನನ್ನಿನ ಇಎಫ್-ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಆಟೊಫೋಕಸ್ ಸಮೇತ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅಡಾಪ್ಟರಿನ ಬೆಲೆ ಕೂಡಿಸಿ ನೋಡಿ. ಒಂದೇ ಒಂದು 50ಕ್ಕಾಗಿ ಅಷ್ಟು ಕೊಡುವ ಬದಲು ಆರ್‌ಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ಕೊಳ್ಳುವುದು ಲೇಸು. ಅದು 30 ಸೆಂಟಿಮೀಟರಿನಷ್ಟು ಹತ್ತಿರದಿಂದಲೂ ಫೋಕಸ್ ಮಾಡುತ್ತದೆ, ಹಳೆಯದಕ್ಕೆ 35 ಬೇಕು. ಮನೆಯಲ್ಲಿ ಈಗಾಗಲೇ ಎರಡು ಮೂರು ಇಎಫ್ ಲೆನ್ಸ್ ಇದ್ದರೆ ಮಾತ್ರ ಅಡಾಪ್ಟರ್ ಲಾಭ. ಇನ್ನೊಂದು ವಿಷಯ: ಆರ್50ರ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈನಡುಕ ತಡೆ) ಇಲ್ಲ, ಈ ಎರಡೂ ಲೆನ್ಸಿನಲ್ಲೂ ಇಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ 1/100ಕ್ಕಿಂತ ಕೆಳಗೆ ಇಳಿಯಬೇಡಿ.

ಪ್ರಶ್ನೆ: ಕ್ಯಾನನ್ 200ಡಿ ಮಾರ್ಕ್ 2 ಇದೆ. ಮಳೆಗಾಲ ಮುಗಿದರೆ ನಮ್ಮಲ್ಲಿ ರಾತ್ರಿಯಿಡೀ ಯಕ್ಷಗಾನ. ಕಿಟ್ ಲೆನ್ಸಿನಲ್ಲಿ ವೇಷದ ಮುಖ ಬೆಳ್ಳಗೆ ಸುಟ್ಟಂತೆ, ಕೈಕಾಲು ಅಲುಗಿದಂತೆ ಬರುತ್ತದೆ. ಯಾವ ಲೆನ್ಸ್?
– ಓದುಗರು, ಕುಮಟಾ

ಉತ್ತರ: ಹುಬ್ಬಳ್ಳಿಯವರಿಗೆ ಬೇಡವೆಂದ 50 ಎಂಎಂ ಎಫ್ 1.8 ನಿಮಗೆ ಬೇಕು, ಕ್ಯಾನನ್ನಿನ ಇಎಫ್ ಎಸ್‌ಟಿಎಂ. ಕಿರೀಟ ಸಮೇತ ನಿಂತ ವೇಷವೊಂದು 17 ಅಡಿ ದೂರದಿಂದ ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ. ರಂಗಸ್ಥಳದ ಮುಂದೆ, ಬದಿಗೆ, ಚಾಪೆಯ ಮೇಲೆ ಕೂತವರಿಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ ದೂರ. ಕಿಟ್ ಲೆನ್ಸ್ 55ರಲ್ಲಿ ಎಫ್ 5.6. ಅದಕ್ಕಿಂತ ಎಫ್ 1.8 ಒಳಗೆ ಬಿಡುವ ಬೆಳಕು ಒಂಬತ್ತೂವರೆ ಪಟ್ಟು ಹೆಚ್ಚು.

ಮುಖ ಸುಡುವುದು ಲೆನ್ಸಿನ ದೋಷವಲ್ಲ. ಹಿಂದೆ ಕತ್ತಲೆ ಇರುವುದರಿಂದ ಕ್ಯಾಮೆರಾ ಇಡೀ ಚಿತ್ರ ಕಪ್ಪೆಂದು ಎಣಿಸಿ ಬೆಳಕು ಹೆಚ್ಚಿಸುತ್ತದೆ, ಬಣ್ಣ ಹಚ್ಚಿದ ಮುಖ ಬೆಳ್ಳಗಾಗುತ್ತದೆ. ರಂಗದ ದೀಪ ಗಂಟೆಗಟ್ಟಲೆ ಬದಲಾಗದಿದ್ದರೆ ಎಂ ಮೋಡಿಗೆ (ಎಲ್ಲವನ್ನೂ ನಾವೇ ಇಡುವುದು) ಬನ್ನಿ: ಎಫ್ 2, 1/250, ಐಎಸ್‌ಒ 3200. ಒಂದು ಫೋಟೊ ತೆಗೆದು ಕೆನ್ನೆಯ ಬಣ್ಣ, ಹಣೆಯ ನಾಮ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ದೊಡ್ಡದು ಮಾಡಿ ನೋಡಿ. ಕಾಣದಿದ್ದರೆ ಐಎಸ್‌ಒ ಇಳಿಸಿ. ಧೀಂಗಿಣಕ್ಕೆ (ಸುತ್ತುತ್ತಾ ಜಿಗಿಯುವ ಕುಣಿತ) 1/500, ಐಎಸ್‌ಒ 6400. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಕೆಲವು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ವೇಗದ ಶಟರಿನಲ್ಲಿ ಅಡ್ಡಪಟ್ಟಿ ಕಾಣಿಸುತ್ತದೆ. ಹಾಗಾದರೆ 1/100ಕ್ಕೆ ಇಳಿದು, ಪಾತ್ರಧಾರಿ ಮಾತಿಗೆ ನಿಂತ ಕ್ಷಣ ಕಾಯಬೇಕು. ಫ್ಲಾಶ್ ಬೇಡವೇ ಬೇಡ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ, ರಂಗದ ಬೆಳಕೂ ಸಾಯುತ್ತದೆ.

ಈ ಲೆನ್ಸಿನ ಮುಂಭಾಗ ಫೋಕಸ್ ಮಾಡುವಾಗ ಹೊರಗೆ ಚಾಚುತ್ತದೆ. ಚಾಚಿದ ಹೊತ್ತಿನಲ್ಲಿ ಪೆಟ್ಟು ಬಿದ್ದರೆ ಒಳಗಿನ ಗೇರ್ ಕೆಟ್ಟು ಫೋಕಸ್ ನಿಂತುಹೋಗುತ್ತದೆ. ಜನಸಂದಣಿಯಲ್ಲಿ ಕೂರುವವರು ಇಎಸ್-68 ಹುಡ್ (ಲೆನ್ಸಿನ ಮುಂದೆ ಕೂರುವ ಕವಚ) ಹಾಕಿಕೊಳ್ಳಿ. ಅದು ಡಬ್ಬದೊಳಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುತ್ತಿದ್ದೇನೆ. ಬೂಷ್ಟು ಹಿಡಿದಿದೆಯೇ ಎಂದು ತಿಳಿಯುವುದು ಹೇಗೆ? ನಮ್ಮದು ಕರಾವಳಿ.
– ಓದುಗರು, ಉಡುಪಿ

ಉತ್ತರ: ಮೊಬೈಲ್ ಟಾರ್ಚ್ ಹಿಡಿದು ಹೋಗಿ. ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ. ಕ್ಯಾನನ್ ಇಎಫ್ ಲೆನ್ಸುಗಳ ಅಪರ್ಚರ್ ಬಿಚ್ಚಿಟ್ಟಾಗಲೂ ತೆರೆದೇ ಇರುತ್ತದೆ. ನಿಕಾನ್ ಜಿ ಲೆನ್ಸಿನಲ್ಲಿ ಮುಚ್ಚಿಕೊಂಡಿರುತ್ತದೆ, ಹಿಂಬದಿಯ ಸಣ್ಣ ಲಿವರನ್ನು ಬೆರಳಿನಿಂದ ಸರಿಸಿ ಹಿಡಿಯಬೇಕು. ಚುಕ್ಕೆಚುಕ್ಕೆಯಾಗಿ ಕಂಡರೆ ಧೂಳು, ಫೋಟೊದಲ್ಲಿ ಬರುವುದಿಲ್ಲ. ಜೇಡರಬಲೆಯಂತೆ, ಕವಲೊಡೆದ ಬೇರಿನಂತೆ ಕಂಡರೆ ಬೂಷ್ಟು. ಇಡೀ ಗಾಜು ಹಾಲಿನ ತೆಳು ಪೊರೆಯಂತಿದ್ದರೆ ಅದೂ ಬೇಡ. ರಿಪೇರಿಯವರು ಒರೆಸಿ ಕೊಟ್ಟಾರು, ಆದರೆ ಬೂಷ್ಟಿನ ಆಮ್ಲ ಕೋಟಿಂಗನ್ನು ತಿಂದಿದ್ದರೆ ಆ ಗುರುತು ಹೋಗದು. ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಮಂಕಾಗುತ್ತದೆ.

ಗಾಜು ಸರಿಯಿದ್ದರೆ ಒಂದು ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ನೇರ ಎದುರಿನಿಂದ, ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು, ಎಫ್ 8ರಲ್ಲಿ ಒಂದು ತೆಗೆಯಿರಿ. ನಾಲ್ಕೂ ಮೂಲೆ ಸಮವಾಗಿ ಸ್ವಲ್ಪ ಮಂಜಾಗಿದ್ದರೆ ಸಹಜ. ಒಂದೇ ಬದಿ ಮಂಜು ಎಂದರೆ ಲೆನ್ಸ್ ಬಿದ್ದಿರಬಹುದು, ಬಿಟ್ಟುಬಿಡಿ. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ.

ತಂದ ಮೇಲೆ ಬೀರುವಿನಲ್ಲಿ, ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಕಾಲು ಕಿಲೊ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವವರೆಗೆ ಕೈಯಾಡಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಅಕ್ಕಿಯಲ್ಲಿ ಹೂತಿಡುವುದು ತಪ್ಪು, ಅದರ ಹಿಟ್ಟು ಒಳಗೆ ಸೇರುತ್ತದೆ.

ಪ್ರಶ್ನೆ: ರಂಗನತಿಟ್ಟಿನ ಹಕ್ಕಿಗಳಿಗೆಂದು ಕ್ಯಾನನ್ 1500ಡಿಗೆ 75-300 ಕೊಳ್ಳುವುದೋ, 55-250 ಕೊಳ್ಳುವುದೋ? 75-300 ಅಗ್ಗ, ಉದ್ದವೂ ಹೆಚ್ಚು.
– ಓದುಗರು, ಮಂಡ್ಯ

ಉತ್ತರ: 55-250 ಐಎಸ್ ಎಸ್‌ಟಿಎಂ. 250ಕ್ಕೂ 300ಕ್ಕೂ ಹಕ್ಕಿಯ ಗಾತ್ರದಲ್ಲಿ ಐದನೇ ಒಂದು ಭಾಗ ಮಾತ್ರ ವ್ಯತ್ಯಾಸ. 75-300ರಲ್ಲಿ ಐಎಸ್ (ಕೈನಡುಕ ತಡೆ) ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗಾಗುತ್ತದೆ, ಬಿಳಿ ರೆಕ್ಕೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರಕ್ಕೇ ಹೋಗುವುದರಿಂದ ಬಣ್ಣದ ಕೊಕ್ಕರೆಗೆ 250 ಸಾಕು. ದೋಣಿಯಲ್ಲಿ ಟ್ರೈಪಾಡ್ ಪ್ರಯೋಜನವಿಲ್ಲ, ದೋಣಿಯೊಡನೆ ಅದೂ ತೂಗುತ್ತದೆ. ಟಿವಿ ಮೋಡಿನಲ್ಲಿ (ಡಯಲಿನ ಮೇಲಿನ Tv, ಶಟರ್ ವೇಗ ನಾವೇ ಇಡುವುದು) 1/1000, ಆಟೊ ಐಎಸ್‌ಒ, ಎಐ ಸರ್ವೊ ಫೋಕಸ್ (ಚಲಿಸುವುದನ್ನು ಹಿಂಬಾಲಿಸುವುದು) ಇಟ್ಟು, ಬೆಳಗಿನ ಮೊದಲ ದೋಣಿಗೆ ಟಿಕೆಟ್ ತೆಗೆಯಿರಿ.