ಸಂಪಾದಕರ ಉತ್ತರ: ವಾಪಸ್ ಬಂದ ಕರಡುಗಳು

ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜೊಂದರ ಉಪನ್ಯಾಸಕಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

‘ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯುವುದನ್ನು ಕಲಿಸೋಣ ಎಂದು ಗುಂಪು ಮಾಡಿದೆ. ಊರಿನ ದೇವಸ್ಥಾನ, ಅಡಿಕೆ ಸೊಸೈಟಿ, ಯಕ್ಷಗಾನ ಕಲಾವಿದರ ಬಗ್ಗೆ ಕರಡು ಬರೆದರು. ಒಂದೂ ಪಾಸಾಗಲಿಲ್ಲ. ಎಲ್ಲದಕ್ಕೂ ಆಧಾರ ಸಾಲದು ಎಂಬ ಒಂದೇ ನೋಟಿಸು. ಹಳ್ಳಿಯ ವಿಷಯ ಅವರಿಗೆ ಬೇಡವೇ? ತನ್ನ ಅಜ್ಜನ ಬಗ್ಗೆ ಬರೆದ ಹುಡುಗಿಗೆ ಯಾರೋ ಮೇಲ್ ಮಾಡಿ, ದುಡ್ಡು ಕೊಟ್ಟರೆ ಪಾಸ್ ಮಾಡಿಸುತ್ತೇವೆ ಎಂದಿದ್ದಾರೆ. ಅವಳ ಲೇಖನವನ್ನು ನೀವೇ ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ಅದೇ ಆಧಾರ ಆಗುವುದಿಲ್ಲವೇ?’

ಆ ಅಜ್ಜನ ಬಗೆಗಿನ ಕರಡಿನ ಪ್ರಿಂಟನ್ನೂ ಲಗತ್ತಿಸಿದ್ದಾರೆ.

ಮೇಡಂ,

ದುಡ್ಡಿನ ಸಂಗತಿ ಮೊದಲು ಮುಗಿಸೋಣ. ಆ ಮೇಲ್‌ಗೆ ಉತ್ತರ ಬರೆಯಬೇಡಿ ಎಂದು ಹುಡುಗಿಗೆ ಇವತ್ತೇ ಹೇಳಿ. ವಿಕಿಪೀಡಿಯದಲ್ಲಿ ಕರಡು ನೋಡಿ ಪಾಸ್ ಮಾಡುವ ಇಲ್ಲವೇ ವಾಪಸ್ ಕಳಿಸುವ ಪರಿಶೀಲಕರು ಸಂಬಳವಿಲ್ಲದ ಸ್ವಯಂಸೇವಕರು. ಖಾತೆ ತೆರೆದು ಕನಿಷ್ಠ 90 ದಿನ ಆಗಿ, ಲೇಖನಗಳಲ್ಲಿ 500 ತಿದ್ದುಪಡಿಯಾದರೂ ಮಾಡಿದ ಮೇಲೆ ಆ ಕೆಲಸಕ್ಕೆ ಅರ್ಜಿ ಹಾಕಿಕೊಂಡವರು. ಅವರು ಯಾರೂ ಶುಲ್ಕ ಕೇಳುವ ಹಾಗಿಲ್ಲ. ವಾಪಸ್ ಬಂದ ಕರಡುಗಳೆಲ್ಲ ಬಹಿರಂಗವಾಗಿಯೇ ಇರುವುದರಿಂದ ಯಾರು ಬೇಸರದಲ್ಲಿದ್ದಾರೆ ಎಂದು ಹುಡುಕುವುದು ವಂಚಕರಿಗೆ ಸಲೀಸು. 2015ರಲ್ಲಿ ಇಂಥ ಜಾಲವೊಂದು ಸಿಕ್ಕಿಬಿದ್ದು, ಇಂಗ್ಲಿಷ್ ವಿಕಿಪೀಡಿಯ 381 ಖಾತೆಗಳಿಗೆ ಒಟ್ಟಿಗೇ ಬೀಗ ಹಾಕಿತು. ವಾಪಸಾದ ಕರಡಿನ ವಿಷಯ ಎತ್ತಿಕೊಂಡು ತಾವೇ ಪುಟ ಮಾಡುವುದು, ಆಮೇಲೆ ಅದನ್ನು ‘ಕಾಪಾಡಲು’ ದುಡ್ಡು ಕೇಳುವುದು ಅವರ ದಂಧೆಯಾಗಿತ್ತು.

ಇನ್ನು ಕರಡಿನ ವಿಷಯ. ಕೂತು ಪೂರ್ತಿ ಓದಿದೆವು. ಅದರ ಮೊದಲ ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಬಡಗುತಿಟ್ಟಿನ ಮೇರು ಕಲಾವಿದರಾದ ಇವರು ತಮ್ಮ ಅಮೋಘ ಅಭಿನಯದಿಂದ ನಾಡಿನಾದ್ಯಂತ ಕಲಾರಸಿಕರ ಮನಸೂರೆಗೊಂಡಿದ್ದಾರೆ.’ ಹೆಸರು ಬದಲಿಸಿದರೆ ಈ ವಾಕ್ಯ ಯಾರ ಸನ್ಮಾನಪತ್ರಕ್ಕಾದರೂ ಆದೀತು. ಯಾವ ಮೇಳದಲ್ಲಿದ್ದರು, ಯಾವ ಇಸವಿಯಿಂದ, ಯಾವ ವೇಷಕ್ಕೆ ಹೆಸರಾದರು, ಇದೊಂದೂ ಅದರಲ್ಲಿಲ್ಲ. ಅದೆಲ್ಲ ಮೂರನೇ ಪ್ಯಾರಾದಲ್ಲಿ, ಗುಣಗಾನದ ನಡುವೆ, ಅರ್ಧ ಸಾಲಿನಲ್ಲಿ ಬಂದು ಹೋಗುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಬಗ್ಗೆ ಬರೆಯುವವರು ‘ಮೇರು’ ಎನ್ನಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನ ಕಲಾವಿದರು, 2012ರಲ್ಲಿ ಪದ್ಮಶ್ರೀ ಎಂದರೆ ಓದುವವನಿಗೆ ಅಂದಾಜಾಗುತ್ತದೆ. ಈ ಅಜ್ಜನಿಗೆ ಅಂಥ ದೊಡ್ಡ ಪ್ರಶಸ್ತಿ ಬಂದಿಲ್ಲ, ಸರಿ. ಹಾಗಾದರೆ ಅವರು ಮಾಡಿದ್ದನ್ನು ಮಾಡಿದ ಹಾಗೆ ಬರೆಯುವುದು ಇನ್ನೂ ಮುಖ್ಯ.

ಆದರೆ ಕರಡು ವಾಪಸ್ ಬಂದದ್ದು ಭಾಷೆಯಿಂದಲ್ಲ. ಭಾಷೆ ಮಾತ್ರ ಕೆಟ್ಟಿದ್ದರೆ ಯಾರಾದರೂ ತಿದ್ದಬಹುದಿತ್ತು. ಕೆಳಗೆ ಕೊಟ್ಟ ಆಧಾರಗಳನ್ನು ಒಂದೊಂದಾಗಿ ನೋಡಿ. ಫೇಸ್‌ಬುಕ್ ಪೋಸ್ಟುಗಳು: ಯಾರು ಬೇಕಾದರೂ ಬರೆಯಬಹುದು, ಲೆಕ್ಕಕ್ಕಿಲ್ಲ. ಯೂಟ್ಯೂಬಿನ ಆಟದ ರೆಕಾರ್ಡಿಂಗು: ಅವರು ಕುಣಿದಿದ್ದಾರೆ ಎಂಬುದಕ್ಕೆ ಸಾಕ್ಷಿ, ಅವರ ಬಗ್ಗೆ ಬಲ್ಲವರು ಏನು ಹೇಳಿದ್ದಾರೆ ಎಂಬುದಕ್ಕಲ್ಲ. ಮೇಳದ ಕರಪತ್ರ ಮೇಳದವರೇ ಹೊಡೆಸಿದ್ದು. ಜಿಲ್ಲಾ ಪುಟದ ಸನ್ಮಾನದ ಸುದ್ದಿಯಲ್ಲಿ ಸನ್ಮಾನಿತರ ಪಟ್ಟಿಯೊಳಗೆ ಇವರದೊಂದು ಹೆಸರು, ಅಷ್ಟೇ. ಸಂದರ್ಶನದಲ್ಲಿ ಮಾತಾಡಿದವರು ಅವರೇ. ಹುಟ್ಟೂರು, ಗುರುಗಳ ಹೆಸರು ಇಂಥದ್ದಕ್ಕೆ ಅದನ್ನು ಬಳಸಬಹುದು, ಆದರೆ ಹೊರಗಿನವರ ಮಾತು ಎಂದು ಅದನ್ನು ಎಣಿಸುವುದಿಲ್ಲ. ಅಭಿನಂದನಾ ಗ್ರಂಥವನ್ನು ಅಭಿನಂದನಾ ಸಮಿತಿಯೇ ತಂದದ್ದು. ಅದರಲ್ಲೂ ವಿದ್ವಾಂಸರೊಬ್ಬರ ಒಳ್ಳೆಯ ಲೇಖನವಿದ್ದರೆ ವಾದಿಸಬಹುದು, ಗಟ್ಟಿ ಅಲ್ಲ.

ಕೊನೆಯಲ್ಲಿ, ದಿನಾಂಕವೂ ಇಲ್ಲದೆ ಪುಟಸಂಖ್ಯೆಯೂ ಇಲ್ಲದೆ, ಒಂದು ಸಾಲು ಇದೆ. ಪತ್ರಿಕೆಯೊಂದರ ಕಲಾವಿಮರ್ಶಕರು ಈ ಅಜ್ಜನ ಕೌರವನ ಬಗ್ಗೆ ಅರ್ಧ ಪುಟ ಬರೆದ ವಿಮರ್ಶೆ. ಇಡೀ ಕರಡಿನಲ್ಲಿ ಪರಿಶೀಲಕರು ಹುಡುಕುತ್ತಿದ್ದದ್ದು ಇದನ್ನೇ, ಅದೋ ತೀರಾ ತಳದಲ್ಲಿ ಸಿಕ್ಕಿಕೊಂಡಿದೆ. ವಿಷಯಕ್ಕೆ ಸಂಬಂಧಪಡದವರು ಬರೆದಿರಬೇಕು, ಸರಿ ತಪ್ಪು ನೋಡಿ ಅಚ್ಚು ಹಾಕುವ ಕಡೆ ಬಂದಿರಬೇಕು, ಹೆಸರು ಹೇಳಿ ಬಿಡದೆ ವಿವರವಾಗಿ ಬರೆದಿರಬೇಕು. ಈ ಮೂರೂ ಒಂದೇ ಬರಹದಲ್ಲಿ ಕೂಡಿರಬೇಕು. ಅಂಥವು ಎರಡು ಮೂರು ಸಿಕ್ಕರೆ ಕರಡು ನಿಲ್ಲುತ್ತದೆ. ಇಪ್ಪತ್ತು ಬಿಡಿ ಚೂರುಗಳನ್ನು ಒಟ್ಟು ಹಾಕಿದರೆ ನಿಲ್ಲುವುದಿಲ್ಲ, ಪರಿಶೀಲಕರಿಗೆ ತಲೆನೋವು ಮಾತ್ರ ಜಾಸ್ತಿಯಾಗುತ್ತದೆ.

ಹಾಗಾಗಿ ಹೊಸಬರಿಗೆ ನೀವು ಮಾಡಬಹುದಾದ ದೊಡ್ಡ ಸಹಾಯ ಬರೆಯುವ ಮೊದಲೇ ಮುಗಿಯುತ್ತದೆ. ವಿಷಯ ಆರಿಸಿ ಬರೆದು, ಆಮೇಲೆ ಆಧಾರ ಹುಡುಕಲು ಕೂರಿಸಬೇಡಿ. ಮೂರು ಆಧಾರ ಮೇಜಿನ ಮೇಲೆ ತಂದಿಟ್ಟವರಿಗೆ ಮಾತ್ರ ಕರಡು ಶುರು ಮಾಡಲು ಹೇಳಿ. ಮೇಜಿನ ಮೇಲೆ ಎಂದದ್ದು ಬೇಕೆಂತಲೇ. ಆಧಾರ ಇಂಟರ್‌ನೆಟ್‌ನಲ್ಲೇ ಇರಬೇಕು, ಇಂಗ್ಲಿಷಿನಲ್ಲೇ ಇರಬೇಕು ಎಂಬ ನಿಯಮ ಯಾವತ್ತೂ ಇಲ್ಲ. ಅಚ್ಚಾದ ಕನ್ನಡ ಪುಸ್ತಕ, ಹಳೆಯ ಪತ್ರಿಕೆ ಎಲ್ಲವೂ ನಡೆಯುತ್ತದೆ. ಆದರೆ ಪರಿಶೀಲಕರಿಗೆ ಕನ್ನಡ ಬರುವುದಿಲ್ಲ ಎಂದೇ ತಿಳಿದು ಬರೆಯಿರಿ. ಆಧಾರ ತುಂಬುವ ನಮೂನೆಯಲ್ಲಿ ಶೀರ್ಷಿಕೆಯ ಅನುವಾದಕ್ಕೆ ಜಾಗ ಇದೆ, ಮೂಲದ ಎರಡು ಸಾಲು ಎತ್ತಿ ಕೊಡಲಿಕ್ಕೂ ಜಾಗ ಇದೆ. ಲೇಖಕರು, ದಿನಾಂಕ, ಪುಟ ಎಲ್ಲವನ್ನೂ ತುಂಬಿ. ಕರಡಿನ ಚರ್ಚೆಪುಟದಲ್ಲಿ ‘ಇವು ಮೂರು ಮುಖ್ಯ ಆಧಾರಗಳು’ ಎಂದು ಚಿಕ್ಕದೊಂದು ಟಿಪ್ಪಣಿ ಹಾಕಿದರೆ ಎಷ್ಟೋ ಅನುಕೂಲ.

ದೇವಸ್ಥಾನದ ಕರಡು ಬರೆದವರಿಗೆ 1883ರಲ್ಲಿ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಕೆನರಾ ಸಂಪುಟ ತೋರಿಸಿ. ಅದು ಹದಿನೈದನೆಯದು, ಎರಡು ಭಾಗ. ಎರಡನೇ ಭಾಗದಲ್ಲಿ ನಿಮ್ಮ ಜಿಲ್ಲೆಯ ಊರುಗಳ ವಿವರ ಇದೆ, ಹುಡುಕಿದರೆ ಇಂಟರ್‌ನೆಟ್‌ನಲ್ಲೂ ಸಿಗುತ್ತದೆ. ಕಟ್ಟಡದ ಬಗ್ಗೆ ಅದರಲ್ಲಿರುವುದನ್ನು ಎತ್ತಿಕೊಳ್ಳಬಹುದು, ಜಾತಿಗಳ ಬಗ್ಗೆ ಇರುವುದನ್ನು ಮುಟ್ಟಬೇಡಿ. ಬ್ರಿಟಿಷರ ಕಾಲದ ಜಾತಿವರ್ಣನೆಗಳನ್ನು ವಿಕಿಪೀಡಿಯದ ಅನುಭವಿಗಳು ನಂಬುವುದಿಲ್ಲ, ನಂಬದಿರುವುದೇ ಸರಿ. ಅಡಿಕೆ ಸೊಸೈಟಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಕಂಪನಿ, ಸಂಸ್ಥೆಗಳಿಗೆ ಅಳತೆಗೋಲು ಬಹಳ ಬಿಗಿ, ವಾರ್ಷಿಕ ವರದಿ ಮತ್ತು ಷೇರುದಾರರ ಸಭೆಯ ಸುದ್ದಿಯಲ್ಲಿ ಪಾಸಾಗುವುದಿಲ್ಲ. ನಿಮ್ಮ ತಾಲ್ಲೂಕಿನ ಲೇಖನದಲ್ಲಿ ಆಧಾರಸಹಿತ ಎರಡು ವಾಕ್ಯ ಸೇರಿಸಿದರೆ ಸಾಕು.

‘ಹಳ್ಳಿಯ ವಿಷಯ ಬೇಡವೇ’ ಎಂದು ಕೇಳಿದ್ದೀರಿ. ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಡೋನಾ ಸ್ಟ್ರಿಕ್‌ಲ್ಯಾಂಡ್ ಎಂಬ ಕೆನಡಾದ ಭೌತವಿಜ್ಞಾನಿಯ ಬಗ್ಗೆ ಯಾರೋ ಬರೆದ ಕರಡನ್ನು 2018ರ ಮೇ ತಿಂಗಳಲ್ಲಿ ಆಧಾರ ಸಾಲದು ಎಂದೇ ವಾಪಸ್ ಕಳಿಸಿದ್ದರು. ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು! ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ನಂತರ ಭೌತವಿಜ್ಞಾನದ ನೊಬೆಲ್ ಪಡೆದ ಮೂರನೇ ಮಹಿಳೆ. ಪ್ರಶಸ್ತಿ ಘೋಷಣೆಯಾದ ಮೇಲೆಯೇ ಅವರ ಪುಟ ಎದ್ದದ್ದು. ಜಗತ್ತಿನ ಪತ್ರಿಕೆಗಳೆಲ್ಲ ವಿಕಿಪೀಡಿಯದ ಮೇಲೆ ಮುಗಿಬಿದ್ದವು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಮುಖ್ಯಸ್ಥೆಯಾಗಿದ್ದ ಕ್ಯಾಥರೀನ್ ಮಾಹರ್ ಆಗ ಪತ್ರಕರ್ತರ ಕಡೆಗೇ ಬೆರಳು ತೋರಿಸಿದರು: ನೀವು ಅವರ ಬಗ್ಗೆ ಬರೆದಿದ್ದರೆ ತಾನೆ ನಮಗೆ ಆಧಾರ?

ಆ ಪರಿಶೀಲಕರದು ತಪ್ಪೇ ಇರಲಿಲ್ಲ ಎನ್ನಲಾರೆವು. ಪ್ರಾಧ್ಯಾಪಕರಿಗೆ ವಿಕಿಪೀಡಿಯದಲ್ಲಿ ಬೇರೆಯೇ ಅಳತೆಗೋಲಿದೆ. 2013ರಲ್ಲಿ ಬೆಳಕಿನ ವಿಜ್ಞಾನಿಗಳ ಸಂಘವಾದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದ ಸ್ಟ್ರಿಕ್‌ಲ್ಯಾಂಡ್ ಅದರಲ್ಲಿ ನೊಬೆಲ್ ಬರುವ ಮೊದಲೇ ಪಾಸಾಗಬೇಕಿತ್ತು. ಬರೆಯುವವರು ಆ ಅಳತೆಗೋಲನ್ನು ಮೊದಲ ಸಾಲಿನಲ್ಲೇ ಎತ್ತಿ ಹಿಡಿದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೂ ಮಾಹರ್ ಮಾತು ನಮ್ಮ ಕಸುಬಿನವರಿಗೆ ಚುಚ್ಚಬೇಕಾದದ್ದೇ. ನಮ್ಮ ಜಿಲ್ಲಾ ಪುಟಗಳನ್ನು ನೋಡಿ. ‘ಕಾರ್ಯಕ್ರಮ ಅದ್ದೂರಿಯಾಗಿ ಜರುಗಿತು’ ಎಂದಿರುತ್ತದೆ. ವೇದಿಕೆ ಮೇಲಿದ್ದ ಗಣ್ಯರ ಹೆಸರು ಒಂದೂ ಬಿಡದೆ ಬಂದಿರುತ್ತದೆ. ರಾತ್ರಿಯಿಡೀ ಕುಣಿದವರ ಹೆಸರು ‘ಮತ್ತಿತರರು’ ಎಂಬುದರೊಳಗೆ ಹೋಗಿರುತ್ತದೆ. ಭಾಗವತರು ಯಾರು, ಪ್ರಸಂಗ ಯಾವುದು ಎಂದು ಬರೆಯದ ಯಕ್ಷಗಾನದ ವರದಿ ಎಷ್ಟು ಬೇಕು ನಿಮಗೆ? ಮೂವತ್ತು ವರ್ಷದ ಮೇಲೆ ಅದನ್ನು ಹಿಡಿದುಕೊಂಡು ಕೂತ ಮೊಮ್ಮಗಳಿಗೆ ಏನು ಸಿಗಬೇಕು? ಪರಿಶೀಲಕರ ನೋಟಿಸಿಗೆ ಅವಳು ಅತ್ತಿದ್ದಾಳೆ ಎಂದು ಬರೆದಿದ್ದೀರಿ. ಅದರಲ್ಲಿ ಅರ್ಧ ಬಾಕಿ ಕನ್ನಡ ಪತ್ರಿಕೆಗಳದ್ದು.

ನೋಟಿಸಿನಲ್ಲೂ ಎರಡು ಬಗೆ ಉಂಟು, ವಿದ್ಯಾರ್ಥಿಗಳಿಗೆ ತೋರಿಸಿಕೊಡಿ. ಮತ್ತೆ ಸಲ್ಲಿಸುವ ಬಟನ್ ಅದರಲ್ಲಿದ್ದರೆ ತಿದ್ದಿ ಕಳಿಸಿ ಎಂದರ್ಥ, ಎಷ್ಟು ಸಲವಾದರೂ ಕಳಿಸಬಹುದು. ಆ ಬಟನ್ ಇಲ್ಲದ ನೋಟಿಸು ಬಂದರೆ ಆ ವಿಷಯ ಕೈಬಿಡುವುದು ಲೇಸು. ನೀವು ಕಳಿಸಿದ ಪ್ರಿಂಟಿನಲ್ಲಿ ಬಟನ್ ಇದೆ. ಏನೂ ಬದಲಿಸದೆ ಪುನಃ ಪುನಃ ಒತ್ತಿದರೆ ಮಾತ್ರ ಎರಡನೇ ಬಗೆಯದ್ದೂ ಬರುತ್ತದೆ. ಆರು ತಿಂಗಳು ಯಾರೂ ಮುಟ್ಟದ ಕರಡನ್ನು ಅಳಿಸಿಹಾಕುತ್ತಾರೆ, ಕೇಳಿಕೊಂಡರೆ ವಾಪಸ್ ಕೊಡುತ್ತಾರೆ. ಸರತಿಯಲ್ಲಿ ಮೊದಲು ಬಂದದ್ದನ್ನೇ ಮೊದಲು ನೋಡುತ್ತಾರೆ ಎಂದೇನಿಲ್ಲ, ಯಾರಿಗೆ ಯಾವುದು ಕಂಡಿತೋ ಅದು. ಎರಡೇ ದಿನದಲ್ಲಿ ಆಗಬಹುದು, ತಿಂಗಳುಗಟ್ಟಲೆ ಕೂತಿರಲೂಬಹುದು. ಸೆಮಿಸ್ಟರಿನ ಅಸೈನ್‌ಮೆಂಟಿಗೆ ಇದನ್ನು ಗಂಟು ಹಾಕಿದ್ದರೆ ದಯವಿಟ್ಟು ಬಿಚ್ಚಿ. ಮಾರ್ಕು ಕರಡಿಗೆ ಕೊಡಿ, ಅದು ಪಾಸಾದದ್ದಕ್ಕಲ್ಲ.

ಹುಡುಗಿ ಬರೆದದ್ದು ಸ್ವಂತ ಅಜ್ಜನ ಬಗ್ಗೆ ತಾನೆ? ತಪ್ಪಲ್ಲ. ತನ್ನ ಸದಸ್ಯ ಪುಟದಲ್ಲೂ ಕರಡಿನ ಚರ್ಚೆಪುಟದಲ್ಲೂ ‘ಇವರು ನನ್ನ ಅಜ್ಜ’ ಎಂದು ಬರೆದುಬಿಡಲಿ. ಸಂಬಂಧವಿದ್ದವರು ನೇರವಾಗಿ ಪುಟ ಮಾಡದೆ ಕರಡಿನ ದಾರಿಯಲ್ಲೇ ಬರಲಿ ಎಂದು ವಿಕಿಪೀಡಿಯವೇ ಹೇಳುತ್ತದೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಒಳ್ಳೆಯ ಕರಡಿನ ಮೇಲೂ ಅನುಮಾನ ಬರುತ್ತದೆ. ಮನೆಯಲ್ಲಿ ಕೇಳಿದ ಕಥೆ, ಅಜ್ಜನೇ ಹೇಳಿದ ನೆನಪು ಎಷ್ಟೇ ನಿಜವಿರಲಿ ಅಲ್ಲಿಗೆ ಹೋಗುವಂತಿಲ್ಲ. ಅದು ಅವಳಿಗೆ ಕಷ್ಟವಾಗುತ್ತದೆ, ಬಲ್ಲೆವು.

ಕರಡನ್ನು ನೀವೇ ಕೂತು ತಿದ್ದಿ ಬರೆದುಕೊಡುವ ಆಸೆ ಬೇಡ. ಪಕ್ಕದಲ್ಲಿ ಕೂತು ಒಂದೊಂದು ವಾಕ್ಯಕ್ಕೂ ‘ಇದನ್ನು ಯಾರು ಹೇಳಿದ್ದಾರೆ?’ ಎಂದು ಕೇಳಿ. ಉತ್ತರ ಇಲ್ಲದ ವಾಕ್ಯವನ್ನು ಅವರ ಕೈಯಿಂದಲೇ ಹೊಡೆಸಿ. ಚಾಟ್‌ಜಿಪಿಟಿಯಿಂದ ಬರೆಸಿ ತಂದವರಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದ ಪುಸ್ತಕ, ತೆರೆಯದ ಲಿಂಕು ಅದರಲ್ಲಿ ಸರಾಗವಾಗಿ ಬರುತ್ತದೆ. ಅಂಥ ಗುರುತು ಎದ್ದು ಕಾಣುವ ಪುಟಗಳನ್ನು ಚರ್ಚೆಯಿಲ್ಲದೆ ಅಳಿಸಲು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ನಿಯಮವನ್ನೇ ಮಾಡಿಕೊಂಡಿತು. ಎಲ್ಲಿಂದಲೋ ಎತ್ತಿ ಅಂಟಿಸಿದ ಪ್ಯಾರಾ ಕೂಡ ಹಾಗೆಯೇ ಹೋಗುತ್ತದೆ. ಮೇಲೆ ಹೇಳಿದ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ 2014ರಲ್ಲೂ ಒಂದು ಪುಟ ಇತ್ತು, ಅದು ಹೋದದ್ದು ನಕಲು ಎಂಬ ಕಾರಣಕ್ಕೆ.

ನಿಮ್ಮ ಕಾಲೇಜಿನ ವೈಫೈ ತೊಂದರೆಯ ಬಗ್ಗೆ ಒಂದು ಮಾತು. ಏಳನೆಯವರಿಗೆ ಖಾತೆ ತೆರೆಯಲು ಆಗಲಿಲ್ಲ ಎಂದಿದ್ದೀರಿ. ಒಂದು ಸಂಪರ್ಕದಿಂದ ದಿನಕ್ಕೆ ಆರೇ ಖಾತೆ, ಅದು ಎಲ್ಲ ಕಡೆಯ ನಿಯಮ. ಎಲ್ಲರೂ ಮನೆಯಲ್ಲೇ ತೆರೆದುಕೊಂಡು ಬರಲಿ, ಒಬ್ಬರಿಗೆ ಒಂದೇ ಖಾತೆ. ಕಾಲೇಜಿನ ಹೆಸರಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಮಾಡಿಕೊಟ್ಟರೆ ಖಾತೆಯೇ ಹೋಗುತ್ತದೆ. ಮೊದಲ ಕೆಲಸವಾಗಿ ಹೊಸ ಪುಟ ಬೇಡ. ಇರುವ ಲೇಖನಗಳಲ್ಲಿ ಹತ್ತು ಸಣ್ಣ ತಿದ್ದುಪಡಿ ಮಾಡಿಸಿ: ತಪ್ಪಾದ ಇಸವಿ, ಕಾಣೆಯಾದ ಆಧಾರ, ಕೆಟ್ಟ ಲಿಂಕು. ಅವರು ತಿದ್ದಿದ್ದನ್ನು ಯಾರೋ ಅಳಿಸುತ್ತಾರೆ, ಆಗ ಚರ್ಚೆಪುಟದಲ್ಲಿ ಯಾಕೆ ಎಂದು ಕೇಳುವುದನ್ನು ವಿದ್ಯಾರ್ಥಿಗಳು ಕಲಿಯುತ್ತಾರೆ. ಹೊಸಬರ ಪ್ರಶ್ನೆಗಳಿಗೆಂದೇ ಅಲ್ಲಿ 2012ರಿಂದ ‘ಟೀಹೌಸ್’ ಎಂಬ ಜಾಗವಿದೆ, ಅಲ್ಲಿಯವರು ತಾಳ್ಮೆಯಿಂದ ಉತ್ತರಿಸುತ್ತಾರೆ. ಕನ್ನಡ ವಿಕಿಪೀಡಿಯವನ್ನೂ ಯಾಕೆ ಬಿಟ್ಟಿರಿ ತಿಳಿಯದು. 2003ರಿಂದ ಇದೆ, ಪ್ರಯೋಗಪುಟ ಇದೆ, ಪ್ರಶ್ನೆ ಕೇಳಲು ಅರಳಿ ಕಟ್ಟೆ ಇದೆ. ಆಧಾರದ ನಿಯಮ ಅಲ್ಲೂ ಇದೆ, ಆದರೆ ಕೌರವನ ವೇಷ ಎಂದರೇನು ಎಂದು ಅಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಕೊನೆಗೆ ನೀವು ಕೇಳಿದ್ದು. ಹುಡುಗಿಯ ಲೇಖನವನ್ನು ನಾವು ಹಾಕುವುದಿಲ್ಲ. ಮೊಮ್ಮಗಳು ಬರೆದದ್ದು ನಮ್ಮಲ್ಲಿ ಅಚ್ಚಾದ ಮಾತ್ರಕ್ಕೆ ಹೊರಗಿನವರ ಮಾತಾಗುವುದಿಲ್ಲ, ಪರಿಶೀಲಕರೂ ಅದನ್ನು ಹಿಡಿಯುತ್ತಾರೆ. ವಿಕಿಪೀಡಿಯಕ್ಕೆ ಆಧಾರ ಬೇಕು ಎಂಬ ಕಾರಣಕ್ಕೆ ನಾವು ಯಾರ ಬಗ್ಗೆಯೂ ಬರೆಸುವುದಿಲ್ಲ, ಇವತ್ತು ಕಲಾವಿದರಿಗೆ ಮಾಡಿದರೆ ನಾಳೆ ರಿಯಲ್ ಎಸ್ಟೇಟಿನವರು ಬಂದು ನಿಲ್ಲುತ್ತಾರೆ. ಆ ಅಜ್ಜನ ಆಟ ನೋಡಲು ನಮ್ಮ ಯಕ್ಷಗಾನ ವಿಮರ್ಶಕರಿಗೆ ಹೇಳಬಹುದು, ಹೇಳಿದ್ದೇವೆ. ಅವರು ಬರೆಯುತ್ತಾರೋ ಇಲ್ಲವೋ, ಹೊಗಳುತ್ತಾರೋ ತೆಗಳುತ್ತಾರೋ ಅವರಿಗೆ ಬಿಟ್ಟದ್ದು.

ಮಾಡಬಹುದಾದದ್ದು ಇನ್ನೊಂದಿದೆ. ನಮ್ಮ ಹಳೆಯ ಸಂಚಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸಿ ಕಚೇರಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇವೆ. ಯಕ್ಷಗಾನದ ವಿಮರ್ಶೆಗಳಿಗೆ ಸೂಚಿ ಮಾಡಿಲ್ಲ, ಪುಟ ತಿರುವಿಯೇ ಹುಡುಕಬೇಕು. ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಕಳಿಸಿ, ಫೋಟೊ ತೆಗೆದುಕೊಳ್ಳಲಿ, ಸಂಚಿಕೆಯ ತಿಂಗಳು ಮತ್ತು ಪುಟಸಂಖ್ಯೆ ಮರೆಯದೆ ಬರೆದುಕೊಳ್ಳಲಿ. ಬರುವ ಹಿಂದಿನ ದಿನ ಫೋನ್ ಮಾಡಿ. ಶನಿವಾರ ಮಧ್ಯಾಹ್ನದ ಮೇಲೆ ಆ ಕೋಣೆಗೆ ಬೀಗ.

— ಸಂ.