ಸೊನ್ನೆ ಬಂದರೆ ಸಾಕೇ?

ಪ್ರಶ್ನೆ: ಸರ್, ಎಕ್ಸ್⁴ ಫಂಕ್ಷನ್‌ನ ಎರಡನೇ ಡಿರೈವೇಟಿವ್ 12ಎಕ್ಸ್². ಸೊನ್ನೆಗೆ ಸಮ ಮಾಡಿದರೆ ಎಕ್ಸ್ = 0. ಅದೇ ಇನ್‌ಫ್ಲೆಕ್ಷನ್ ಪಾಯಿಂಟ್ ಅಂತ ಬರೆದೆ. ಟೆಸ್ಟಿನಲ್ಲಿ ಅರ್ಧ ಅಂಕವೂ ಸಿಗಲಿಲ್ಲ. ಲೆಕ್ಕ ಸರಿಯಾಗೇ ಇದೆಯಲ್ವಾ? ಇನ್ನೊಂದು, ಗ್ರಾಫ್ ಇಳಿಯುತ್ತಿರುವಾಗಲೂ ಅದನ್ನು ಕಾನ್‌ಕೇವ್ ಅಪ್ ಅನ್ನುತ್ತಾರಲ್ಲ, ಹೇಗೆ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಅದು ಬಗೆಹರಿದರೆ ಮೊದಲನೆಯದು ಸಲೀಸು.

ಗ್ರಾಫ್ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಹೇಳುವುದು ಮೊದಲ ಡಿರೈವೇಟಿವ್, ಅಂದರೆ ಗ್ರಾಫಿನ ಇಳಿಜಾರು. ಯಾವ ಕಡೆಗೆ ಬಾಗುತ್ತಿದೆ ಅಂತ ಹೇಳುವುದು ಎರಡನೆಯದು, ಅಂದರೆ ಆ ಇಳಿಜಾರು ಬದಲಾಗುವ ದರ. ಹಾಳೆಯನ್ನು ಮೈದಾನ ಅಂದುಕೊಳ್ಳಿ. ಗ್ರಾಫಿನ ಗೆರೆ ಹಿಡಿದು ಎಡದಿಂದ ಬಲಕ್ಕೆ ಕಾರು ಓಡಿಸುತ್ತಿದ್ದೀರಿ. ಸ್ಟೀರಿಂಗ್ ಎಡಕ್ಕೆ ತಿರುಗಿದ್ದರೆ ಕಾನ್‌ಕೇವ್ ಅಪ್ (ಎರಡನೇ ಡಿರೈವೇಟಿವ್ ಪ್ಲಸ್), ಬಲಕ್ಕೆ ತಿರುಗಿದ್ದರೆ ಕಾನ್‌ಕೇವ್ ಡೌನ್ (ಎರಡನೇ ಡಿರೈವೇಟಿವ್ ಮೈನಸ್). ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಜಾಗವೇ ಇನ್‌ಫ್ಲೆಕ್ಷನ್ ಪಾಯಿಂಟ್.

ಈಗ ನಿಮ್ಮ 12ಎಕ್ಸ್². ಎಕ್ಸ್ ಜಾಗದಲ್ಲಿ −1 ಹಾಕಿ, 12 ಬರುತ್ತದೆ. 1 ಹಾಕಿ, ಮತ್ತೆ 12. ನಡುವೆ ಸೊನ್ನೆ ಬಂದಿದ್ದು ನಿಜ, ಆದರೆ ಚಿಹ್ನೆ ಬದಲಾಗಲೇ ಇಲ್ಲ. ಸ್ಟೀರಿಂಗ್ ಒಂದು ಕ್ಷಣ ನೇರವಾಗಿ, ಮತ್ತೆ ಎಡಕ್ಕೇ ಹೋಯಿತು. ಅಲ್ಲಿರುವುದು ಕನಿಷ್ಠ ಬಿಂದು, ಅಷ್ಟೆ. ನಿಮ್ಮ ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. (ಅರ್ಧ ಅಂಕ ಕೊಡಬಹುದಿತ್ತು ಅಂತ ನನಗೂ ಅನಿಸಿತು. ಆ ಜಗಳಕ್ಕೆ ಮಾತ್ರ ನನ್ನನ್ನು ಎಳೆಯಬೇಡಿ.)

'ಸೊನ್ನೆಗೆ ಸಮ ಮಾಡು, ಉತ್ತರ ಬರೆ' ಅನ್ನುವ ರೂಢಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಅದರ ಬದಲು ಇಳಿಜಾರಿನ, ಅಂದರೆ ಸ್ಲೋಪಿನ ಬೆಲೆಗಳನ್ನು ಸಾಲಾಗಿ ಬರೆದು ನೋಡಿ. ಎಕ್ಸ್⁴ − 6ಎಕ್ಸ್² ತಗೊಳ್ಳಿ. ಇದರ ಸ್ಲೋಪ್ 4ಎಕ್ಸ್³ − 12ಎಕ್ಸ್. ಎಕ್ಸ್‌ಗೆ 0, 0.5, 1, 1.5, 2 ಹಾಕುತ್ತಾ ಹೋದರೆ ಸ್ಲೋಪ್ 0, −5.5, −8, −4.5, 8. ಎಕ್ಸ್ = 1 ಬರುವವರೆಗೆ ಸ್ಲೋಪ್ ಕಡಿಮೆಯಾಗುತ್ತಾ ಬಂತು, ಅಲ್ಲಿಂದ ಜಾಸ್ತಿಯಾಗತೊಡಗಿತು. ಆ 1 ಇನ್‌ಫ್ಲೆಕ್ಷನ್ ಪಾಯಿಂಟ್. ಎರಡನೇ ಡಿರೈವೇಟಿವ್ 12ಎಕ್ಸ್² − 12 ಅಲ್ಲಿ ಮೈನಸ್‌ನಿಂದ ಪ್ಲಸ್‌ಗೆ ದಾಟುತ್ತದೆ. ಆ ಜಾಗದಲ್ಲಿ ಟ್ಯಾಂಜೆಂಟ್ ಎಳೆದರೆ ಅದು ಗ್ರಾಫನ್ನು ಸುಮ್ನೆ ಮುಟ್ಟುವುದಿಲ್ಲ, ಆಚೆ ಕಡೆಗೆ ದಾಟಿ ಹೋಗುತ್ತದೆ. −1ರಲ್ಲೂ ಇಂಥದ್ದೇ ಇನ್ನೊಂದು ಬಿಂದು ಇದೆ.

ಈಗ ಅದೇ ಸಾಲಿನಲ್ಲಿ 1.5ರ ಎದುರು ನೋಡಿ. ಸ್ಲೋಪ್ −4.5, ಅಂದರೆ ಗ್ರಾಫ್ ಇನ್ನೂ ಇಳಿಯುತ್ತಲೇ ಇದೆ. ಆದರೆ ಇಳಿಯುವ ಜೋರು ತಗ್ಗುತ್ತಿದೆ. ಇಳಿಯುತ್ತಲೇ ಕಾನ್‌ಕೇವ್ ಅಪ್ ಆಗಿರುವುದು ಅಂದರೆ ಇದೇ.

ಟೆಸ್ಟಿನಲ್ಲಿ ಕೇಳಬಹುದಾದ ಎರಡು ಕಿತಾಪತಿಗಳನ್ನೂ ಹೇಳಿಬಿಡುತ್ತೇನೆ. ಎಕ್ಸ್‌ನ ಘನಮೂಲಕ್ಕೆ 0ಯಲ್ಲಿ ಎರಡನೇ ಡಿರೈವೇಟಿವ್ ಇಲ್ಲವೇ ಇಲ್ಲ, ಆದರೂ ಅಲ್ಲಿ ಇನ್‌ಫ್ಲೆಕ್ಷನ್ ಪಾಯಿಂಟ್ ಇದೆ. 1/ಎಕ್ಸ್ ಕತೆ ಉಲ್ಟಾ. 0ಯ ಆಚೆ ಈಚೆ ಎರಡನೇ ಡಿರೈವೇಟಿವ್‌ನ ಚಿಹ್ನೆ ಬದಲಾಗುತ್ತದೆ, ಆದರೆ 0ಯಲ್ಲಿ ಗ್ರಾಫೇ ಇಲ್ಲ. ಗ್ರಾಫೇ ಇಲ್ಲದ ಕಡೆ ಪಾಯಿಂಟ್ ಎಲ್ಲಿಂದ ಬರಬೇಕು?